ಡ್ಯೂಟಿ ಮುಗಿಯುವುದು ಎಲ್ಲಿ?

ಸಾಂತಾಕ್ರೂಜ್ ಎಂದ ಕೂಡಲೇ ಊರಿನಲ್ಲಿರುವ ನಿಮಗೆ ನೆನಪಾಗುವುದು ವಿಮಾನ ನಿಲ್ದಾಣ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಮ್ಮವರಿಗೆ ಆ ಹೆಸರಿನ ರುಚಿಯೇ ಬೇರೆ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಪ್ರಭಾತ್ ಕಾಲೊನಿಯ ಪೇಜಾವರ ಮಠ, ಅದೇ ಪೂರ್ವದಲ್ಲಿ ಬಿಲ್ಲವ ಭವನ, ವಾಕೋಲಾ ದಾಟಿ ಕಲಿನಾದ ಕಡೆ ಹೋದರೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಮದುವೆಯೋ, ಯಕ್ಷಗಾನವೋ, ಪುಸ್ತಕ ಬಿಡುಗಡೆಯೋ, ಒಂದಲ್ಲ ಒಂದು ನೆಪದಲ್ಲಿ ಕನ್ನಡಿಗ ಇಲ್ಲಿ ಇಳಿಯುತ್ತಲೇ ಇರುತ್ತಾನೆ. ಪಶ್ಚಿಮಕ್ಕೆ ಇಳಿದರೆ ಎಸ್.ವಿ. ರೋಡ್. ಬಾಂದ್ರಾದಿಂದ ಅಂಧೇರಿ, ಜೋಗೇಶ್ವರಿಯ ಕಡೆಗೆ ಉತ್ತರಕ್ಕೆ ಹೋಗುವ ಈ ರಸ್ತೆಗೆ ಹಿಂದೆ ಘೋಡ್‌ಬಂದರ್ ರೋಡ್ ಎಂದು ಹೆಸರಿತ್ತು. ಅದೇ ರಸ್ತೆಯಲ್ಲಿ 1957ರ ಒಂದು ರಾತ್ರಿ ನಡೆದ ಅಪಘಾತದಿಂದ ಈ ಕತೆ ಶುರುವಾಗುತ್ತದೆ. ಸತ್ತವನು ಯಾವ ಭಾಷೆಯವನು, ಯಾವ ಊರಿನವನು ಎಂಬುದು ಇಲ್ಲಿ ದೊಡ್ಡ ಸಂಗತಿಯಲ್ಲ. ನಮ್ಮಂತೆಯೇ ಕೆಲಸ ಮುಗಿಸಿ ಉಪನಗರದ ಮನೆಗೆ ಹೊರಟಿದ್ದ ಸಂಬಳದಾಳು ಅವನು.

ಅವನು ಬೆಸ್ಟ್ ಬಸ್ಸಿನ ಡ್ರೈವರ್. ಜುಲೈ 20ರಂದು ರಾತ್ರಿ ಏಳೂಮುಕ್ಕಾಲರ ಹೊತ್ತಿಗೆ ಅವನ ದಿನದ ಪಾಳಿ ಮುಗಿಯಿತು. ಬಸ್ಸನ್ನು ಜೋಗೇಶ್ವರಿ ಡಿಪೋದಲ್ಲಿ ಬಿಟ್ಟು, ಸಾಂತಾಕ್ರೂಜ್‌ನ ಮನೆಗೆ ಹೋಗಲು ಬೆಸ್ಟಿನದೇ ಇನ್ನೊಂದು ಬಸ್ಸು ಹತ್ತಿದ. ರೈಲಿನಲ್ಲಾದರೆ ಇದು ಮೂರು ಸ್ಟೇಷನ್ನುಗಳ ದಾರಿ. ಅಂಧೇರಿಯ ಇರ್ಲಾ ಸೇತುವೆಯ ಬಳಿ ರಸ್ತೆಗೆ ಅಡ್ಡಾದಿಡ್ಡಿಯಾಗಿ ನಿಲ್ಲಿಸಿದ್ದ ಒಂದು ಲಾರಿಗೆ ಬಸ್ಸು ಡಿಕ್ಕಿ ಹೊಡೆಯಿತು. ಅವನು ರಸ್ತೆಗೆ ಎಸೆಯಲ್ಪಟ್ಟ. ಆಸ್ಪತ್ರೆಯಲ್ಲಿ ಆರು ದಿನ ಉಳಿದು, 26ರಂದು ತೀರಿಕೊಂಡ. ಅವನ ಹೆಂಡತಿ ಪರಿಹಾರ ಕೇಳಿ ಅರ್ಜಿ ಹಾಕಿದಳು. ಕಾನೂನಿನ ಪುಸ್ತಕಗಳಲ್ಲಿ ಇಂದಿಗೂ ಆ ಕೇಸಿಗೆ ಅವಳದೇ ಹೆಸರು: ಬೆಸ್ಟ್ ವಿರುದ್ಧ ಆಗ್ನೆಸ್.

ಬೆಸ್ಟ್ ಎಂಬ ಸಂಸ್ಥೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಊರಿನವರಿಗೆ ಈ ಜಗಳ ಅರ್ಥವಾಗುವುದಿಲ್ಲ. ಅದು ಮೊದಲು ಟ್ರಾಮು ಮತ್ತು ಕರೆಂಟಿನ ಖಾಸಗಿ ಕಂಪನಿ. 1926ರಲ್ಲಿ ಮೊದಲ ಬಸ್ಸು ಓಡಿಸಿತು. 1947ರ ಆಗಸ್ಟಿನಲ್ಲಿ ಮುನಿಸಿಪಾಲಿಟಿ ಅದನ್ನು ಕೊಂಡುಕೊಂಡಿತು. 1950ರಲ್ಲಿ ಉಪನಗರಗಳು ನಗರಕ್ಕೆ ಸೇರಿದವು, 1957ರಲ್ಲಿ ಗಡಿ ದಹಿಸರ್ ಮತ್ತು ಮುಲುಂಡ್‌ವರೆಗೆ ಹಿಗ್ಗಿತು. ಊರು ಹೀಗೆ ಉದ್ದಕ್ಕೆ ಬೆಳೆದ ಹಾಗೆ ಕೆಲಸದ ಜಾಗ ಒಂದು ಕಡೆ, ಬಾಡಿಗೆಗೆ ಸಿಗುವ ಖೋಲಿ ಇನ್ನೊಂದು ಕಡೆ ಎಂದಾಯಿತು. ಮುಂಬಯಿಗೆ ಬಂದವನಿಗೆ ಮೊದಲ ವಾರದಲ್ಲೇ ತಿಳಿಯುವ ಸತ್ಯ ಇದು: ಇಲ್ಲಿ ಎಂಟು ಗಂಟೆಯ ಕೆಲಸಕ್ಕೆ ಹನ್ನೊಂದು ಗಂಟೆ ಬೇಕು. ಆ ಮೂರು ಗಂಟೆ ಯಾರ ಲೆಕ್ಕದ್ದು? ಸಂಬಳ ಕೊಡುವವನು ತನ್ನದಲ್ಲ ಅನ್ನುತ್ತಾನೆ, ಮನೆಯವರಿಗೂ ಅದು ಸಿಗುವುದಿಲ್ಲ. ಆಗ್ನೆಸ್ ಕೇಸು ಎದುರಿಗಿಟ್ಟದ್ದು ಸರಿಯಾಗಿ ಈ ಪ್ರಶ್ನೆಯನ್ನೇ.

ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಹಣ ಕೊಡಬೇಕು ಎಂಬುದು ಇಂದು ಸಹಜ ನ್ಯಾಯವೆನಿಸುತ್ತದೆ. ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ಆಗ ಇದ್ದದ್ದು 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆ. ಅದರಡಿ ಗಂಡ ಸತ್ತ ಹೆಂಗಸು ಸಿವಿಲ್ ಕೋರ್ಟಿಗೆ ಹೋಗಿ, ತಪ್ಪು ಮಾಲೀಕನದೇ ಎಂದು ಸಾಬೀತು ಮಾಡಬೇಕಿತ್ತು. ಗಿರಣಿಯೊಳಗೆ ಕಾಲಿಡಲೂ ಬಿಡದವರ ವಿರುದ್ಧ ಅವಳು ಸಾಕ್ಷಿ ತರುವುದು ಎಲ್ಲಿಂದ? ಜರ್ಮನಿಯಲ್ಲಿ 1884ರಲ್ಲಿ, ಇಂಗ್ಲೆಂಡಿನಲ್ಲಿ 1897ರಲ್ಲಿ ಈ ಹಟ ಸಡಿಲವಾಗಿತ್ತು. ತಪ್ಪು ಯಾರದೇ ಇರಲಿ, ಅಪಘಾತ ಕೆಲಸದ್ದಾದರೆ ಪರಿಹಾರ ಕೊಡತಕ್ಕದ್ದು ಎಂಬ ತತ್ವ ಭಾರತಕ್ಕೆ ಬಂದದ್ದು 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯೊಂದಿಗೆ. ಜಾರಿಗೆ ಬಂದದ್ದು 1924ರ ಜುಲೈ 1ರಂದು. ಆಗ ಪ್ರಾಣಕ್ಕೆ ಕಟ್ಟಿದ್ದ ಬೆಲೆ ಮೂವತ್ತು ತಿಂಗಳ ಸಂಬಳ ಅಥವಾ 2,500 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ‘ಯಾವುದು ಕಡಿಮೆಯೋ ಅದು’ ಎಂಬ ಮಾತಿನಲ್ಲೇ ಆ ಕಾಲದ ಸರಕಾರದ ಮನಸ್ಸು ಕಾಣುತ್ತದೆ. ಆದರೂ ಅದು ದೊಡ್ಡ ಹೆಜ್ಜೆಯೇ. ವಕೀಲರ ದೊಡ್ಡ ಕೋರ್ಟಿನ ಬದಲು ಒಬ್ಬ ಕಮಿಷನರ್, ಮತ್ತು ಅವನ ಮುಂದೆ ಸಾಬೀತು ಮಾಡಬೇಕಾದದ್ದು ಇಷ್ಟು: ಅಪಘಾತ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆಯಿತು.

ಈ ಎರಡು ತುಂಡು ಮಾತುಗಳ ಮೇಲೆ ನೂರು ವರ್ಷ ವಾದ ನಡೆದಿದೆ. ಮಗ್ಗದ ಮುಂದೆ ನಿಂತಾಗ ಕೈ ಸಿಕ್ಕಿಕೊಂಡರೆ ವಾದವೇ ಇಲ್ಲ. ಗಿರಣಿಯ ಗೇಟಿನ ಒಳಗೆ ಜಾರಿ ಬಿದ್ದರೆ? ಗೇಟಿನ ಹೊರಗೆ ಹತ್ತು ಮಾರು ದೂರದಲ್ಲಿ? ಗೇಟನ್ನು ಸ್ವಲ್ಪ ಆಚೆಗೆ ಎಳೆಯಬಹುದು, ಅಲ್ಲಿಯ ತನಕವೂ ಕೆಲಸದ ಜಾಗವೇ ಎಂದು ಭಾವಿಸಬಹುದು ಎಂದು ಕೋರ್ಟುಗಳು ಒಪ್ಪಿಕೊಂಡಿದ್ದವು. ಎಷ್ಟು ಆಚೆಗೆ ಎಂಬುದೇ ಪ್ರಶ್ನೆ. ಪೋರಬಂದರಿನ ಸಮೀಪ ಒಂದು ಉಪ್ಪಿನ ಕಾರ್ಖಾನೆಯ ಕೆಲಸಗಾರರು ಮನೆಗೆ ಮರಳುವಾಗ ಖಾರಿ ದಾಟುವ ದೋಣಿ ಮಗುಚಿ ಕೆಲವರು ಸತ್ತರು. ದೋಣಿ ಸಾರ್ವಜನಿಕರದು, ಕಾರ್ಖಾನೆಯದಲ್ಲ, ಆದ್ದರಿಂದ ಪರಿಹಾರವಿಲ್ಲ ಎಂದು ಸುಪ್ರೀಂ ಕೋರ್ಟು 1958ರಲ್ಲಿ ತೀರ್ಮಾನಿಸಿತು. ಹೊಳೆ, ಕಡವು, ದೋಣಿಗಳ ನಡುವೆ ಬೆಳೆದ ನಮ್ಮ ಕರಾವಳಿಯವರಿಗೆ ಇದು ಒಪ್ಪುವುದು ಕಷ್ಟ. ಬೇರೆ ದಾರಿಯೇ ಇಲ್ಲದವನಿಗೆ ಕಡವು ಕೂಡ ಗೇಟಿನ ಹಾಗೆಯೇ.

ಬೆಸ್ಟಿನ ವಾದವೂ ಹೀಗೇ ಇತ್ತು. ಡ್ರೈವರನ ಡ್ಯೂಟಿ ಡಿಪೋದಲ್ಲಿ ಮುಗಿಯಿತು, ಇನ್ನೊಂದು ಬಸ್ಸು ಹತ್ತಿದಾಗ ಅವನು ಬರೀ ಒಬ್ಬ ಪ್ರಯಾಣಿಕ. ಕಮಿಷನರ್ ಇದನ್ನು ಒಪ್ಪಿ ಅರ್ಜಿ ವಜಾ ಮಾಡಿದರು. ಆಗ್ನೆಸ್ ಬಿಡಲಿಲ್ಲ, ಹೈಕೋರ್ಟಿಗೆ ಹೋದಳು. ಹೈಕೋರ್ಟು ಅವಳ ಕಡೆಗೆ ತೀರ್ಪು ಕೊಟ್ಟಿತು. ಬೆಸ್ಟೂ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. ಒಬ್ಬ ಡ್ರೈವರನ ವಿಧವೆಯ ಎದುರು ಒಂದು ಮಹಾನಗರದ ಸಾರಿಗೆ ಸಂಸ್ಥೆ ದಿಲ್ಲಿಯ ತನಕ ಹೋದದ್ದು ಹಣಕ್ಕಾಗಿ ಇರಲಿಕ್ಕಿಲ್ಲ. ಸಾವಿರಾರು ಡ್ರೈವರು ಕಂಡಕ್ಟರುಗಳು ದಿನಾ ಹೀಗೆಯೇ ಮನೆಗೆ ಹೋಗುತ್ತಿದ್ದರು, ಒಬ್ಬಳಿಗೆ ಒಪ್ಪಿದರೆ ಎಲ್ಲರಿಗೂ ಒಪ್ಪಬೇಕಾಗುತ್ತದೆ ಎಂಬ ಅಂಜಿಕೆ ಎಂದು ನನಗನ್ನಿಸುತ್ತದೆ.

1963ರ ಮೇ 10ರಂದು ತೀರ್ಪು ಬಂತು. ಪೀಠದಲ್ಲಿ ಮೂವರು: ಸುಬ್ಬರಾವ್, ಮುಧೋಳ್ಕರ್, ರಘುಬರ್ ದಯಾಳ್. ಸುಬ್ಬರಾವ್ ಅಂದರೆ ಮುಂದೆ 1966ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ, ಮರುವರ್ಷ ರಾಜೀನಾಮೆ ಕೊಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತವರು. ಡ್ರೈವರುಗಳಿಗೆ ಬೆಸ್ಟಿನ ಬಸ್ಸುಗಳಲ್ಲಿ ಪುಕ್ಕಟೆ ಪ್ರಯಾಣದ ಸವಲತ್ತು ಇತ್ತು. ಅದು ದಾನವೋ, ಕೆಲಸದ ಭಾಗವೋ? ರಘುಬರ್ ದಯಾಳರು ಅದು ಬರೀ ರಿಯಾಯಿತಿ ಎಂದರು: ಬೇಕಾದರೆ ಬಸ್ಸು ಹತ್ತಬಹುದು, ಬೇಡವಾದರೆ ನಡೆದು ಹೋಗಬಹುದು, ಹತ್ತಲೇಬೇಕೆಂಬ ಕಟ್ಟಳೆ ಇರಲಿಲ್ಲ, ಆದ್ದರಿಂದ ಕೆಲಸ ಡಿಪೋದಲ್ಲೇ ಮುಗಿಯಿತು. ಉಳಿದ ಇಬ್ಬರು ಊರನ್ನು ಕಣ್ಣುಬಿಟ್ಟು ನೋಡಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡಿದ ಈ ನಗರದಲ್ಲಿ ಡ್ರೈವರನು ಹೊತ್ತಿಗೆ ಸರಿಯಾಗಿ, ದಣಿಯದೆ ಬಂದು ಸ್ಟಿಯರಿಂಗ್ ಹಿಡಿಯಬೇಕಾದರೆ ಆ ಬಸ್ಸು ಬೇಕೇಬೇಕು. ಸವಲತ್ತು ಕೊಟ್ಟದ್ದು ಸಂಸ್ಥೆಯ ಕೆಲಸ ಚೆನ್ನಾಗಿ ನಡೆಯಲೆಂದೇ. ಆಮೇಲೆ ಅವರು ಹೇಳಿದ ಮಾತು ನನಗೆ ಬಹಳ ಇಷ್ಟ. ಕಾರ್ಖಾನೆಗಾದರೆ ಗೋಡೆ ಇದೆ, ಗೇಟು ಇದೆ; ಊರಿಗೆ ಬಸ್ಸು ಓಡಿಸುವ ಸಂಸ್ಥೆಗೆ ಅದರ ಅಷ್ಟೂ ಬಸ್ಸುಗಳೇ ಕಾರ್ಖಾನೆಯ ಆವರಣ. ಅಂದರೆ ಆ ರಾತ್ರಿ ಇರ್ಲಾ ಸೇತುವೆಯ ಬಳಿ ಅವನು ಕಾರ್ಖಾನೆಯಿಂದ ಹೊರಗೆ ಹೋಗಿರಲೇ ಇಲ್ಲ. ಆಗ್ನೆಸ್ ಗೆದ್ದಳು, ಗಂಡ ಸತ್ತು ಆರು ವರ್ಷಕ್ಕೆ ಸ್ವಲ್ಪ ಕಡಿಮೆ.

ಎಲ್ಲರೂ ಗೆಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಮುಂಬಯಿಯ ಇನ್ನೊಂದು ಹೆಸರಾದ ಕೇಸು ಹಡಗಿನದು. 1961ರ ಡಿಸೆಂಬರಿನಲ್ಲಿ ‘ದ್ವಾರಕಾ’ ಎಂಬ ಹಡಗಿನಿಂದ ಒಬ್ಬ ಖಲಾಸಿ ಕಾಣೆಯಾದ. ಎದೆನೋವು ಅಂತ ಹೇಳಿದ್ದ, ಒಂದು ಬೆಳಗ್ಗೆ ನೋಡಿದರೆ ಇಲ್ಲ. ಹಡಗಿನಲ್ಲಿ ಉಣ್ಣುವುದು, ಮಲಗುವುದು, ದುಡಿಯುವುದು ಎಲ್ಲಾ ಒಂದೇ ಕಡೆ. ಕೆಲಸದ ಅವಧಿಯ ಬಗ್ಗೆ ಅಷ್ಟೇನೂ ತಕರಾರಿಲ್ಲ. ಆದರೆ ಕೆಲಸದ ಕಾರಣದಿಂದ ಸತ್ತ ಎನ್ನುವುದಕ್ಕೆ ಪುರಾವೆ ಬೇಕಲ್ಲ? ಹೈಕೋರ್ಟು ಕೊಡಿಸಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟು 1969ರಲ್ಲಿ ತಳ್ಳಿಹಾಕಿತು. ಸಮುದ್ರದ ನಡುವೆ ನಾಪತ್ತೆಯಾದವನಿಗೆ ಮನೆಯವರು ಸಾಕ್ಷಿ ತರುವುದು ಹೇಗೆಂದು ಕೇಳಿದರೆ, ಅದು 1855ರ ಹಳೆಯ ಪ್ರಶ್ನೆಯೇ ಮತ್ತೆ ಎದ್ದು ಬಂದಂತೆ.

ಇನ್ನು ನಮ್ಮವರ ಕಡೆಗೆ ಬರುತ್ತೇನೆ. ಮುಂಬಯಿಯ ಕಾರ್ಮಿಕ ಸಂಘಗಳ ಚರಿತ್ರೆಯಲ್ಲಿ ದಕ್ಷಿಣ ಕನ್ನಡದ ಹೆಸರು ಚಿಕ್ಕದಲ್ಲ. ಮಂಗಳೂರಿನಿಂದ 1949ರಲ್ಲಿ ಬರಿಗೈಯಲ್ಲಿ ಬಂದ ಜಾರ್ಜ್ ಫೆರ್ನಾಂಡಿಸರು ಬಂದರಿನ ಕೆಲಸಗಾರರ ನಾಯಕ ಪ್ಲಾಸಿಡ್ ಡಿಮೆಲ್ಲೋ ಅವರ ಗರಡಿಯಲ್ಲಿ ಪಳಗಿ, ಟ್ಯಾಕ್ಸಿಯವರನ್ನು, ಮುನಿಸಿಪಾಲಿಟಿಯವರನ್ನು, ಹೋಟೆಲಿನವರನ್ನು ಒಟ್ಟುಮಾಡಿದರು. ಊರು ಬಂದ್ ಮಾಡಿಸುವಷ್ಟು ಬಲ ಬಂತು. ಆದರೂ ಗಾಯವಾದ ಕೈಯ ಪರಿಹಾರ ಕೇಳುವ ಅಭ್ಯಾಸ ಹೋಟೆಲಿನ ಮೋರಿಯ ತನಕ ಇಳಿಯಲಿಲ್ಲ.

ಯಾಕೆ? ಹೋಟೆಲಿನ ಹುಡುಗನಿಗೆ ಕೆಲಸ ಕೊಟ್ಟವನು ಬರೀ ಮಾಲೀಕನಲ್ಲ. ಅವನು ಊರಿನವನು, ಹಲವು ಸಲ ನೆಂಟ, ತಾಯಿಗೆ ಮಾತು ಕೊಟ್ಟು ಕರೆದುಕೊಂಡು ಬಂದವನು. ಉಂಡದ್ದು ಅವನದೇ ಅನ್ನ, ರಾತ್ರಿ ಮಲಗಿದ್ದು ಅವನದೇ ಮೇಜಿನ ಮೇಲೆ. ಧನಿಗಳ ಮೇಲೆ ಕೇಸು ಹಾಕುವುದುಂಟೇ? ಊರಿಗೆ ಹೋಗಿ ಯಾವ ಮುಖ ತೋರಿಸುವುದು? ಹಾಗಾಗಿ ರುಬ್ಬುವ ಯಂತ್ರಕ್ಕೆ ಬೆರಳು ಸಿಕ್ಕಿದ ಹುಡುಗನ, ಕಾದ ಎಣ್ಣೆ ಮೈಮೇಲೆ ಬಿದ್ದವನ, ಒದ್ದೆ ನೆಲದಲ್ಲಿ ಸಾಂಬಾರಿನ ಕೊಳದಪ್ಪಲೆ ಹೊತ್ತು ಜಾರಿದವನ ಕತೆಗಳು ಬಹುಪಾಲು ಒಂದೇ ರೀತಿ ಮುಗಿಯುತ್ತಿದ್ದವು. ಆಸ್ಪತ್ರೆಯ ಖರ್ಚು ಧನಿಗಳು ನೋಡಿಕೊಂಡರು, ಕೈಗೆ ಒಂದಿಷ್ಟು ಇಟ್ಟರು, ಊರಿನ ಬಸ್ಸಿಗೆ ಹತ್ತಿಸಿದರು. ‘ಎಷ್ಟು ಒಳ್ಳೆಯವರು ಮಾರಾಯ್ರೇ, ಬಿಟ್ಟುಹಾಕಲಿಲ್ಲ’ ಎಂದು ಊರಿನಲ್ಲಿ ಹೇಳಿಕೊಂಡರು. ಒಳ್ಳೆಯವರು ಇದ್ದದ್ದು ಸುಳ್ಳಲ್ಲ. ರಾತ್ರಿಶಾಲೆಗೆ ಕಳಿಸಿ ಓದಿಸಿದ ಧನಿಗಳು ನಮ್ಮಲ್ಲಿ ಇದ್ದರು. ನನ್ನ ತಕರಾರು ಅವರ ಒಳ್ಳೆಯತನದ ಬಗ್ಗೆ ಅಲ್ಲ. ಹಕ್ಕಾಗಿ ಬರಬೇಕಾದದ್ದು ಉಪಕಾರವಾಗಿ ಬಂದಾಗ ಅದರ ಅಳತೆ ಕೊಡುವವನ ಕೈಯಲ್ಲಿ ಉಳಿಯುತ್ತದೆ.

ಅಳತೆ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ. 1923ರ ಕಾಯ್ದೆಗೆ ಒಂದು ಪಟ್ಟಿ ಇತ್ತು, ಓದಿದರೆ ಮೈ ಜುಮ್ಮೆನ್ನುತ್ತದೆ. ಮನುಷ್ಯನ ಮೈಯನ್ನು ತುಂಡು ತುಂಡಾಗಿ ಶೇಕಡಾವಾರು ಬರೆದಿದ್ದಾರೆ. ಹೆಬ್ಬೆರಳು ಹೋದರೆ 30, ತೋರುಬೆರಳು ಪೂರ್ತಿ ಹೋದರೆ 14, ಒಂದು ಕೈಯ ನಾಲ್ಕು ಬೆರಳು ಹೋದರೆ 50, ಎರಡೂ ಕೈ ಹೋದರೆ 100. ಇನ್ನೊಂದು ಪಟ್ಟಿ ವಯಸ್ಸಿನದು. ಚಿಕ್ಕವನಿಗೆ ದುಡಿಯುವ ವರ್ಷ ಹೆಚ್ಚು ಉಳಿದಿರುವುದರಿಂದ ಅವನ ಗುಣಕ ದೊಡ್ಡದು. ಇಪ್ಪತ್ತೈದರ ಹುಡುಗನಿಗೆ ಅದು 216.91. ತಿಂಗಳ ಸಂಬಳ 15,000 ಎಂದಿಟ್ಟುಕೊಳ್ಳಿ. ಎಷ್ಟೇ ಸಂಬಳವಿದ್ದರೂ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮಿತಿಯನ್ನು 2020ರ ಜನವರಿಯಲ್ಲಿ ಅಷ್ಟಕ್ಕೆ ಏರಿಸಿದ್ದರು. ಅದರ ಶೇಕಡಾ 60 ಅಂದರೆ 9,000. ಗುಣಿಸಿದರೆ 19,52,190. ಹೆಬ್ಬೆರಳಿನ ಪಾಲು ಶೇಕಡಾ 30, ಅಂದರೆ 5,85,657 ರೂಪಾಯಿ. ಒಂದು ಹೆಬ್ಬೆರಳಿಗೆ! ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಬಡ್ಡಿ, ಸರಿಯಾದ ಕಾರಣವಿಲ್ಲದೆ ಎಳೆದರೆ ಅರ್ಧದವರೆಗೆ ದಂಡ. ಹಿಂದಿನ ವರ್ಷಗಳಲ್ಲಿ ಸಂಬಳ ಕಡಿಮೆ, ಮಿತಿಯೂ ಕಡಿಮೆ, ಮೊತ್ತವೂ ಕಡಿಮೆ ಇತ್ತು ನಿಜ. ಆದರೆ ಆಗಲೂ ಅದು ಬಸ್ಸಿನ ಟಿಕೇಟು ಮತ್ತು ಕೈಗಿಟ್ಟ ಒಂದಿಷ್ಟು ನೋಟುಗಳಿಗಿಂತ ಎಷ್ಟೋ ಪಾಲು ಹೆಚ್ಚು.

ಪಟ್ಟಿಯ ಅಂಕಿಯೇ ಕೊನೆಯ ಮಾತೂ ಅಲ್ಲ. ಒಡಿಶಾದ ಜೇಪುರದಲ್ಲಿ 1968ರಲ್ಲಿ ಸಿನೆಮಾ ಮಂದಿರವೊಂದರ ಕುಸುರಿ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಅದು ಪೂರ್ತಿ ನಷ್ಟವಲ್ಲ. ಒಂದು ಕೈಯ ಬಡಗಿ ಬಡಗಿಯಲ್ಲ, ಅವನ ನಷ್ಟ ನೂರಕ್ಕೆ ನೂರು ಎಂದು 1975ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರಿಹಾರದ ಹಕ್ಕು ಹುಟ್ಟುವುದು ಕಮಿಷನರ್ ತೀರ್ಪು ಬರೆದ ದಿನವಲ್ಲ, ಅಪಘಾತ ಆದ ದಿನವೇ ಎಂದೂ ಹೇಳಿತು. ದೋಸೆ ಹುಯ್ಯುವವನ ಬಲಗೈಗೂ ಇದೇ ನ್ಯಾಯ ಸಲ್ಲಬೇಕಲ್ಲವೇ?

ಕಾಯ್ದೆಯಲ್ಲಿ ಇನ್ನೆರಡು ವಿಷಯಗಳಿದ್ದವು. ಊರಿನ ಮನೆಗಳಿಗೆ ಅವು ಗೊತ್ತಾಗದೇ ಹೋದದ್ದೇ ಹೆಚ್ಚು. ಒಂದು, ‘ನನಗೆ ಇನ್ನೇನೂ ಬೇಡ’ ಎಂದು ಗಾಯಾಳುವಿನಿಂದ ಕಾಗದ ಬರೆಸಿಕೊಂಡು ಹಕ್ಕನ್ನು ಬಿಡಿಸಿದರೆ ಆ ಕಾಗದಕ್ಕೆ ಬೆಲೆಯಿಲ್ಲ. ಸತ್ತವನ ಪರಿಹಾರವನ್ನಂತೂ ಮನೆಯವರ ಕೈಗೆ ನೇರವಾಗಿ ಕೊಡುವ ಹಾಗೆಯೇ ಇಲ್ಲ. ಸ್ವಲ್ಪ ಮುಂಗಡ ಬಿಟ್ಟರೆ ಉಳಿದದ್ದನ್ನು ಕಮಿಷನರ ಬಳಿ ಕಟ್ಟಬೇಕು, ಇಲ್ಲದಿದ್ದರೆ ಕೊಟ್ಟರೂ ಕೊಟ್ಟಂತಲ್ಲ. ಗಂಡ ಸತ್ತ ಹೆಂಗಸಿನ ಮುಂದೆ ನೋಟು ಎಣಿಸಿ ಹೆಬ್ಬೆಟ್ಟು ಒತ್ತಿಸುವವರು ಯಾವ ಕಾಲದಲ್ಲೂ ಇದ್ದಾರೆಂದು ಕಾನೂನು ಬರೆದವರಿಗೆ ಗೊತ್ತಿತ್ತು.

ಎರಡನೆಯದು ಜಾಗದ ವಿಷಯ. ಮೊದಲು ಅಪಘಾತ ಎಲ್ಲಾಯಿತೋ ಅಲ್ಲಿಯ ಕಮಿಷನರ ಬಳಿಯೇ ಹೋಗಬೇಕಿತ್ತು. ಕುಂದಾಪುರದ ಹಳ್ಳಿಯ ಮುದುಕಿಯೊಬ್ಬಳು ಮಗನ ಸಾವಿಗೆ ಪರಿಹಾರ ಕೇಳಲು ಮುಂಬಯಿಗೆ ಬರಬೇಕು. ಕೊಂಕಣ ರೈಲು ಪೂರ್ತಿ ತೆರೆದದ್ದೇ 1998ರಲ್ಲಿ. ಅದಕ್ಕೆ ಮೊದಲು ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ. ಬಂದು ಇಳಿಯುವುದು ಎಲ್ಲಿ? ಅದೇ ಧನಿಗಳ ಮನೆಯಲ್ಲಿ! 1995ರ ತಿದ್ದುಪಡಿ ಇದನ್ನು ಬದಲಾಯಿಸಿತು. ಸತ್ತವನ ಅವಲಂಬಿತರು ತಾವು ವಾಸವಾಗಿರುವ ಊರಿನ ಕಮಿಷನರ ಮುಂದೆಯೇ ಅರ್ಜಿ ಹಾಕಬಹುದು ಎಂದಾಯಿತು. ವಿಧವೆ ತಾಯಿ, ಹೆಂಡತಿ, ಚಿಕ್ಕ ಮಕ್ಕಳು ಆ ಅವಲಂಬಿತರ ಪಟ್ಟಿಯಲ್ಲಿ ಮೊದಲಿಗರು. ಸುದ್ದಿ ಮಾಡದ ಈ ಸಣ್ಣ ತಿದ್ದುಪಡಿ ಪರವೂರಿಗೆ ಮಕ್ಕಳನ್ನು ಕಳಿಸಿದ ಮನೆಗಳಿಗೆ ಬಹಳ ದೊಡ್ಡದು ಎಂಬುದು ನನ್ನ ಎಣಿಕೆ. ಅರ್ಜಿಗೆ ಆ ಕಾಯ್ದೆಯಲ್ಲಿ ಎರಡು ವರ್ಷದ ಗಡುವು ಇತ್ತು. ದುಃಖ ಆರುವ ತನಕ ಕಾಯ್ದವರು ಎಷ್ಟೋ ಮಂದಿ ಅದನ್ನು ದಾಟಿಬಿಡುತ್ತಿದ್ದರು.

ರಾಜ್ಯ ವಿಮಾ ಯೋಜನೆ, ಅಂದರೆ ನಾವು ಇ.ಎಸ್.ಐ. ಎನ್ನುವುದು, ಇನ್ನೊಂದು ದಾರಿ. 1948ರ ಕಾಯ್ದೆ, 1952ರಲ್ಲಿ ಕಾನಪುರದಲ್ಲಿ ನೆಹರೂ ಕೈಯಲ್ಲಿ ಉದ್ಘಾಟನೆ. ಮೊದಲು ಕಾರ್ಖಾನೆಗಳಿಗೆ, ಆಮೇಲೆ ರಾಜ್ಯ ಸರಕಾರಗಳು ಹೋಟೆಲು, ಅಂಗಡಿ, ಸಿನೆಮಾ ಮಂದಿರಗಳಿಗೂ ಹರಡಿದವು. ಅದರ ಕಾರ್ಡು ಇದ್ದವನಿಗೆ ಒಂದೇ ಗಂಟಿನ ಬದಲು ತಿಂಗಳು ತಿಂಗಳು ಹಣ ಬರುತ್ತದೆ, ಮಾಲೀಕನ ಹತ್ತಿರ ಕೈಚಾಚಬೇಕಾಗಿಲ್ಲ. ನಂಟಸ್ತಿಕೆಯ ಮುಜುಗರ ತಪ್ಪುವುದು ನಿಜವಾಗಿ ಇಲ್ಲಿಯೇ. ಆದರೆ ಕಾರ್ಡು ಇರಬೇಕು. ಕಾರ್ಡು ಆಗಬೇಕಾದರೆ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಹತ್ತು ಮಂದಿ ದುಡಿಯುವ ಕಡೆ ಆರೇ ಹೆಸರು ಬರೆದಿದ್ದರೆ, ಉಳಿದ ನಾಲ್ವರು ಕಾನೂನಿನ ಕಣ್ಣಿಗೆ ಹುಟ್ಟಿಯೇ ಇಲ್ಲ.

ಮತ್ತೆ ಮನೆಗೆ ಹೋಗುವ ದಾರಿಯ ಕತೆಗೆ. ಆಗ್ನೆಸ್ ತೆರೆದ ಬಾಗಿಲು ಅಗಲವಾಗಿ ತೆರೆದುಕೊಳ್ಳಲಿಲ್ಲ. ಮಾಲೀಕನದೇ ಬಸ್ಸು ಎಂಬ ಒಂದು ಚಿಲಕ ಅದಕ್ಕಿತ್ತು. ಕೇರಳದಲ್ಲಿ ಸೈಕಲಿನಲ್ಲಿ ಫ್ಯಾಕ್ಟರಿಗೆ ಹೊರಟ ಕೆಲಸಗಾರನೊಬ್ಬನಿಗೆ, ಇನ್ನು ಒಂದೇ ಕಿಲೋಮೀಟರು, ಪಾಳಿಗೆ ಹದಿನೈದು ನಿಮಿಷ ಇರುವಾಗ ಲಾರಿ ಡಿಕ್ಕಿಯಾಯಿತು. ಇದು 1971ರ ಮಾತು. ಇಪ್ಪತ್ತೈದು ವರ್ಷ ಕೇಸು ನಡೆದು, 1996ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಇಲ್ಲ ಎಂದಿತು: ಫ್ಯಾಕ್ಟರಿಗೆ ಹೋಗುವುದು ಫ್ಯಾಕ್ಟರಿಯ ಕೆಲಸವಲ್ಲ. ಮಾಲೀಕನ ಬಸ್ಸಿದ್ದವನಿಗೆ ಉಂಟು, ಸ್ವಂತ ಸೈಕಲಿದ್ದವನಿಗೆ ಇಲ್ಲ. ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವ ನಮಗೆಲ್ಲಾ ಇದರ ಅರ್ಥ ಸ್ಪಷ್ಟವಿತ್ತು.

2010ರಲ್ಲಿ ಸಂಸತ್ತು ಇ.ಎಸ್.ಐ. ಕಾಯ್ದೆಗೆ ಒಂದು ಹೊಸ ಕಲಮು ಸೇರಿಸಿತು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗಿಬರುವಾಗ ಆದ ಅಪಘಾತವೂ ಕೆಲಸದ್ದೇ, ಆದರೆ ಹೊತ್ತಿಗೂ ಜಾಗಕ್ಕೂ ಕೆಲಸಕ್ಕೂ ಒಂದು ಸಂಬಂಧ ಇರಬೇಕು. ವಿಮೆಯಿಲ್ಲದೆ 1923ರ ಹಳೆಯ ಕಾಯ್ದೆಯಡಿ ಬರುವವರಿಗೆ? ಆ ಉತ್ತರ ಬಂದದ್ದು 2025ರ ಜುಲೈ 29ರಂದು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರ ಏಪ್ರಿಲ್ 22ರಂದು, ನಸುಕಿನ ಮೂರು ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟು, ಕಾರ್ಖಾನೆಗೆ ಸುಮಾರು ಐದು ಕಿಲೋಮೀಟರು ಇರುವಾಗ ಸತ್ತಿದ್ದ. ಕಮಿಷನರು ಕೊಡಿಸಿದ ಪರಿಹಾರವನ್ನು ಹೈಕೋರ್ಟು ಕಿತ್ತುಕೊಂಡಿತ್ತು. ಸುಪ್ರೀಂ ಕೋರ್ಟು ಅದನ್ನು ಅವನ ಹೆಂಡತಿ ಮಕ್ಕಳಿಗೆ, ತಾಯಿಗೆ ವಾಪಸು ಕೊಡಿಸಿತು. ಎರಡು ಕಾಯ್ದೆಗಳ ಹುಟ್ಟಿನ ಉದ್ದೇಶ ಒಂದೇ, ಆದ್ದರಿಂದ ಒಂದರ ಬೆಳಕಿನಲ್ಲಿ ಇನ್ನೊಂದನ್ನು ಓದಬೇಕು ಎಂದಿತು. ಸತ್ತು ಇಪ್ಪತ್ತೆರಡು ವರ್ಷಗಳಾಗಿದ್ದವು. ಆಗ್ನೆಸ್‌ಗೆ ಆರೇ ವರ್ಷದಲ್ಲಿ ಮುಗಿದಿತ್ತು!

ಅದೇ ವರ್ಷ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1923ರ ಕಾಯ್ದೆಯೂ 1948ರ ಕಾಯ್ದೆಯೂ ಅದರೊಳಗೆ ಸೇರಿಹೋದವು. ಮನೆಯ ದಾರಿಯ ಅಪಘಾತವನ್ನು ಈಗ ಕಾನೂನೇ ಬಾಯಿಬಿಟ್ಟು ಕೆಲಸದ್ದೆಂದು ಹೇಳುತ್ತದೆ. ವಾದ ಒಂದು ರೀತಿಯಲ್ಲಿ ಮುಗಿಯಿತು. ಕಾನೂನಿನ ಗೇಟು ಮನೆಯ ಹೊಸ್ತಿಲ ತನಕ ಬಂತು.

ಸಾಂತಾಕ್ರೂಜ್‌ನ ರಸ್ತೆಯಲ್ಲಿ ಮಾತ್ರ ಇನ್ನೊಂದು ಬದಲಾವಣೆ ಆಗಿದೆ. ಇಂದು ಬೆಸ್ಟಿನ ಹೆಸರಿನಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಬೆಸ್ಟಿನವಲ್ಲ. ಬಸ್ಸು ಗುತ್ತಿಗೆದಾರ ಕಂಪನಿಯದು, ಡ್ರೈವರೂ ಆ ಕಂಪನಿಯ ಸಂಬಳದವನು. ಮೇಲಿನ ಹೆಸರು, ರೂಟಿನ ನಂಬರು ಬೆಸ್ಟಿನದು. ಅಷ್ಟೂ ಬಸ್ಸುಗಳೇ ಕಾರ್ಖಾನೆಯ ಆವರಣ ಎಂದು 1963ರಲ್ಲಿ ಹೇಳಿದಾಗ ಮಾಲೀಕ ಒಬ್ಬನೇ ಇದ್ದ. ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಕೆಲಸ ಮಾಡಿಸಿಕೊಂಡ ಮೂಲ ಧನಿಯನ್ನೂ ಕೇಳಬಹುದೆಂದು 1923ರ ಕಾಯ್ದೆಯಲ್ಲೇ ಇತ್ತು. ಆದರೆ ಪರಿಹಾರ ಕೇಳುವ ಹೆಂಗಸಿಗೆ ಮೊದಲು ಗೊತ್ತಾಗಬೇಕಾದದ್ದು ಗಂಡನ ಸಂಬಳದ ಚೀಟಿಯ ಮೇಲೆ ಯಾರ ಹೆಸರಿದೆ ಎಂಬುದು. ಎಷ್ಟೋ ಮನೆಗಳಲ್ಲಿ ಆ ಚೀಟಿಯೇ ಇಲ್ಲ, ಹಣ ಮೊಬೈಲಿಗೆ ಬಂದು ಬೀಳುತ್ತದೆ. ಊರಿನಿಂದ ಇಲ್ಲಿಗೆ ಹೊರಟ ಹುಡುಗರಿಗೆ ಚಕ್ಕುಲಿ, ಉಪ್ಪಿನಕಾಯಿ ಕಟ್ಟಿಕೊಡುವ ತಾಯಂದಿರು ಕೇಳುತ್ತಿರುವುದು ಈಗಲೂ ಒಂದೇ, ‘ಊಟಕ್ಕೆ ಹೇಗೆ ಮಗಾ?’ ಎಂದು. ಹಾಜರಿ ಪುಸ್ತಕದಲ್ಲಿ ಹೆಸರು ಬರೆದಿದ್ದಾರಾ, ಯಾರ ಹೆಸರಿನ ಕಂಪನಿ ಅದು ಎಂದೂ ಕೇಳಿ, ಉತ್ತರವನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.